ಸ್ಮಿತ್ ಎಂಬ ಅಡ್ಡಹೆಸರು

ಆಂಗ್ಲೇಯರ ಅಡ್ಡಹೆಸರುಗಳಲ್ಲೆಲ್ಲ ಅತ್ಯಂತ ಹೆಚ್ಚು ಮಂದಿಗೆ ಇರತಕ್ಕದ್ದು ಸ್ಮಿತ್ ಎಂಬ ಹೆಸರು. ಇಂಗ್ಲೆಂಡನ್ನು ಕಣ್ಣಾರೆ ಕಾಣದ ನಮ್ಮ ಗೃಹಸ್ಥರಿಗೂ ಇದು ಹೊಸದಲ್ಲ. ಅರ್ಥಶಾಸ್ತ್ರದ ಗಂಧವುಳ್ಳವರು ಆಡಂ ಸ್ಮಿತ್ತನ ಹೆಸರನ್ನು ಕೇಳದೆ ಇರಲಾರರು. ೧೯೦೪ರಲ್ಲಿ ಮೊದಲು ಅಚ್ಚಾದ ವಿನ್ಸೆಂಟ್ ಸ್ಮಿತ್ತನ ಪ್ರಾಚೀನ ಭಾರತದ ಚರಿತ್ರೆಯು ನಮ್ಮ ಹಿರಿಯರ ಕಪಾಟುಗಳಲ್ಲಿ ಈಗಲೂ ಅಲ್ಲಲ್ಲಿ ಸಿಕ್ಕುವುದುಂಟು. ಅಮೇರಿಕದ ವರ್ಜೀನಿಯದಲ್ಲಿ ೧೬೦೭ರಲ್ಲಿ ಆಂಗ್ಲೇಯರು ಊರಿದ ನೆಲೆಯ ಕಥೆಯನ್ನು ಓದಿದವರಿಗೆ ಕ್ಯಾಪ್ಟನ್ ಜಾನ್ ಸ್ಮಿತ್ತನೆಂಬ ಸಾಹಸಿಯು ನೆನಪಿರುವನು. ಈ ಮೂವರಲ್ಲಿ ಜಾನನು ಇಂಗ್ಲೆಂಡಿನ ಲಿಂಕನ್‌ಷೈರ್ ಪ್ರಾಂತದ ಒಬ್ಬ ಬೇಸಾಯಗಾರನ ಮಗ. ಆಡಂ ಸ್ಕಾಟ್ಲೆಂಡಿನ ಕರ್ಕಾಡಿ ಎಂಬ ಬಂದರಿನಲ್ಲಿ ಸುಂಕದ ಅಧಿಕಾರಿಯಾಗಿದ್ದವನ ಮಗ. ವಿನ್ಸೆಂಟನು ಐರ್ಲೆಂಡಿನ ಡಬ್ಲಿನ್ ನಗರದ ಒಬ್ಬ ವೈದ್ಯನ ಮಗ. ಹೆಸರು ಒಂದೇ. ಹಾಗಾದರೆ ಇವರು ಒಂದು ಕುಲದವರೇ? ಒಂದೇ ಮೂಲಪುರುಷನಿಂದ ಕವಲೊಡೆದ ಶಾಖೆಗಳವರೇ? ಹೆಸರನ್ನು ಕೇಳಿದೊಡನೆ ಕುಲಗೋತ್ರಗಳನ್ನು ವಿಚಾರಿಸುವ ಅಭ್ಯಾಸವುಳ್ಳ ನಮಗೆ ಈ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಇದಕ್ಕೆ ಉತ್ತರವು ಆ ಶಬ್ದದ ಅರ್ಥದಲ್ಲಿಯೂ, ಅದು ಹೆಸರಾಗಿ ನಿಂತ ಕ್ರಮದಲ್ಲಿಯೂ ಅಡಗಿದೆ.

ಸ್ಮಿತ್ ಎಂದರೆ ಕಮ್ಮಾರ, ಇದರಲ್ಲಿ ಸಂದೇಹವಿಲ್ಲ. ಆದರೆ ಈ ಶಬ್ದದ ವ್ಯುತ್ಪತ್ತಿಯ ವಿಷಯವಾಗಿ ತಪ್ಪು ಅಭಿಪ್ರಾಯಗಳು ಬಹುಕಾಲದಿಂದ ಹಬ್ಬಿವೆ. ಇಂಗ್ಲಿಷಿನಲ್ಲಿ ಹೊಡೆಯುವುದಕ್ಕೆ ಸ್ಮೈಟ್ ಎಂಬ ಹಳೆಯ ಕ್ರಿಯಾಪದವೊಂದಿದೆ. ಸುತ್ತಿಗೆಯಿಂದ ಹೊಡೆಯುವವನಾದುದರಿಂದ ಸ್ಮಿತ್ ಎಂದು ಕೆಲವರು ಸುಲಭವಾಗಿ ಹೇಳಿಬಿಟ್ಟರು. ಮತ್ತೆ ಕೆಲವರು, ಯುದ್ಧದಲ್ಲಿ ಶತ್ರುಗಳನ್ನು ಹೊಡೆದವರ ಸಂತತಿಯೇ ಸ್ಮಿತ್ತರೆಂದು ಹೆಮ್ಮೆಪಟ್ಟರು. ಶಬ್ದಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ಜರ್ಮನ್ ಮೊದಲಾದ ಸೋದರಭಾಷೆಗಳೊಡನೆ ಹೋಲಿಸಿ ನೋಡಿದರೆ ಈ ಶಬ್ದದ ಮೂಲಾರ್ಥವು ಕುಶಲನಾದ ಕೆಲಸಗಾರ ಎಂದಿಷ್ಟೇ; ಲೋಹದ ಸಂಬಂಧವೇ ಅದರಲ್ಲಿ ಇರಲಿಲ್ಲ. ಐಸ್ಲೆಂಡಿನ ಭಾಷೆಯಲ್ಲಿ ಈಗಲೂ ಮರಗೆಲಸದ ಬಡಗಿಗೆ ಇದೇ ಶಬ್ದದ ರೂಪವೊಂದು ಸಲ್ಲುತ್ತದೆ. ಇಂಗ್ಲೆಂಡಿನಲ್ಲಿ ಕಾಲಕ್ರಮದಿಂದ ಅರ್ಥವು ಸಂಕೋಚಗೊಂಡು ಲೋಹದ ಕೆಲಸದವನಿಗೆ ಮಾತ್ರ ಉಳಿಯಿತು. ನಮ್ಮ ಕಮ್ಮಾರ ಶಬ್ದದ ಹಿಂದೆಯೂ ಇಂತಹುದೇ ಕಥೆಯುಂಟು. ಋಗ್ವೇದದ ಹತ್ತನೆಯ ಮಂಡಲದಲ್ಲಿ ತಿದಿಯೂದುವ ಕರ್ಮಾರನ ಉಪಮೆಯಿದೆ. ಪಾಳಿಯಲ್ಲಿ ಅವನು ಕಮ್ಮಾರನಾದನು. ಬುದ್ಧನಿಗೆ ಕಡೆಯ ಭಿಕ್ಷೆಯನ್ನು ಬಡಿಸಿದ ಚುಂದನು ಕಮ್ಮಾರಪುತ್ರನೆಂದು ಪ್ರಸಿದ್ಧನು. ಕರ್ಮಾರ ಶಬ್ದವನ್ನು ಕರ್ಮ ಎಂಬುದರೊಡನೆ ಕೂಡಿಸಿ ಅರ್ಥ ಹೇಳುವುದು ಸಂಪ್ರದಾಯ. ಕೆಲಸವೆಂದರೆ ಕಬ್ಬಿಣದ ಕೆಲಸವೆಂದೇ ಎರಡು ದೇಶಗಳ ಹಳ್ಳಿಯವರೂ ಭಾವಿಸಿದರೆಂಬುದು ಸ್ವಾರಸ್ಯವಾಗಿದೆ.

ಸಂಸ್ಕೃತದ ಪಾಠ ಹೇಳುತ್ತಿದ್ದಾಗ, ಸ್ಮಿತವೆಂದರೆ ಮುಗುಳುನಗೆಯಷ್ಟೆ, ಸ್ಮಿತ್ ಸಾಹೇಬರಿಗೂ ಅದಕ್ಕೂ ಏನಾದರೂ ಸಂಬಂಧವುಂಟೇ ಎಂದು ತುಂಟ ಹುಡುಗರು ನನ್ನನ್ನು ಕೇಳುತ್ತಿದ್ದುದುಂಟು. ಸಂಬಂಧವೇನೂ ಇಲ್ಲ. ನಮ್ಮ ಸ್ಮಿತಕ್ಕೆ ಇಂಗ್ಲಿಷಿನಲ್ಲಿರುವ ನಿಜವಾದ ದಾಯಾದಿಯು ಸ್ಮೈಲ್ ಎಂಬ ಶಬ್ದ. ಧ್ವನಿಸಾಮ್ಯವನ್ನು ನಂಬಿ ನಂಟು ಹೇಳುವವರು ಎಡವುವುದು ಇಂತಹ ಕಡೆಯಲ್ಲಿಯೇ.

ಇನ್ನು ಈ ಕಸುಬಿನ ಮಾತು ಮನೆತನದ ಹೆಸರಾದ ಬಗೆಯನ್ನು ನೋಡೋಣ. ಒಂದು ಸಾವಿರ ವರ್ಷಗಳ ಹಿಂದೆ ಇಂಗ್ಲೆಂಡಿನ ಸಾಮಾನ್ಯ ಪ್ರಜೆಗೆ ಒಂದೇ ಹೆಸರು. ಆಗೊಮ್ಮೆ ಈಗೊಮ್ಮೆ ಹೆಸರಿನೊಡನೆ ಕಸುಬನ್ನೂ ಸೇರಿಸಿ ಬರೆಯುತ್ತಿದ್ದರು. ಕ್ರಿ. ಶ. ೯೭೫ರ ಸುಮಾರಿಗೆ ಸೇರಿದ ಡರ್ಹಂ ಪ್ರಾಂತದ ದಾಖಲೆಯಲ್ಲಿ ಎಕ್ಕಿಯರ್ಡ್ ಸ್ಮಿತ್ ಎಂಬವನು ಕಾಣಿಸಿಕೊಳ್ಳುತ್ತಾನೆ. ಅವನು ದಿಟವಾಗಿಯೂ ಕಮ್ಮಾರನಾಗಿದ್ದಿರಬೇಕು. ಅದು ಅವನ ಗುರುತೇ ಹೊರತು ಮಕ್ಕಳಿಗೆ ಬರುವ ಹೆಸರಲ್ಲ. ೧೦೬೬ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ವಿಲಿಯಮನು ದೇಶವನ್ನು ಗೆದ್ದನು. ಅವನೊಡನೆ ಬಂದ ಪ್ರಭುಗಳು ತಮ್ಮ ಜಹಗೀರುಗಳ ಹೆಸರುಗಳನ್ನು ತಮಗೆ ಹಚ್ಚಿಕೊಂಡರು. ಅವು ಆಸ್ತಿಯೊಡನೆ ಮಗನಿಗೂ ಇಳಿದುಬಂದುವು. ಸಾಮಾನ್ಯರಲ್ಲಿ ಈ ಪದ್ಧತಿಯು ಬೇರೂರುವುದಕ್ಕೆ ಇನ್ನೂ ಎರಡು ಮೂರು ಶತಮಾನಗಳು ಹಿಡಿದುವು.

ಅದಕ್ಕೆ ಒಂದು ಕಾರಣವನ್ನು ಯಾವ ಉಪಾಧ್ಯಾಯನಾದರೂ ಬಲ್ಲನು. ಒಂದು ತರಗತಿಯಲ್ಲಿ ನಾಲ್ಕು ಮಂದಿ ನಾಗರಾಜರು ಇದ್ದರೆ ಹಾಜರಿ ಕೂಗುವುದು ಹೇಗೆ? ಉದ್ದ ನಾಗರಾಜ, ಪೇಟೆ ನಾಗರಾಜ, ಅಂಗಡಿ ನಾಗರಾಜ ಎಂದು ಹುಡುಗರೇ ವಿಭಾಗ ಮಾಡಿಕೊಂಡು ಬಿಡುತ್ತಾರೆ. ನಾರ್ಮನರು ಬಂದ ಮೇಲೆ ಹಳೆಯ ಸ್ಯಾಕ್ಸನ್ ಹೆಸರುಗಳು ಹಿಂದಕ್ಕೆ ಸರಿದು, ಜಾನ್, ವಿಲಿಯಂ, ರಾಬರ್ಟ್, ರಿಚರ್ಡ್, ಥಾಮಸ್ ಮೊದಲಾದ ಕೆಲವೇ ಹೆಸರುಗಳು ದೇಶವನ್ನೆಲ್ಲ ತುಂಬಿದುವು. ಹಳ್ಳಿಗೆ ಹತ್ತು ಜನ ಜಾನರಾದರೆ ತೆರಿಗೆಯ ಕರಣಿಕನು ಏನು ಮಾಡಿಯಾನು? ಹೊಳೆಯ ಬಳಿಯ ಜಾನ್, ಕೆಂಚು ಕೂದಲಿನ ಜಾನ್, ರಾಬರ್ಟನ ಮಗ ಜಾನ್, ಕಮ್ಮಾರ ಜಾನ್ ಎಂದು ಬರೆದುಕೊಂಡನು. ಬರೆಯುವ ಭಾಷೆಯು ಲ್ಯಾಟಿನ್ ಆಗಿದ್ದಾಗ ಕಮ್ಮಾರನು ಫಾಬೆರ್ ಆದನು. ಫ್ರೆಂಚ್ ಆಗಿದ್ದಾಗ ಲ ಫೆವ್ರ್ ಆದನು. ಊರಿನವರ ಬಾಯಲ್ಲಿ ಮಾತ್ರ ಸ್ಮಿತ್ ಆಗಿಯೇ ಉಳಿದನು.

ಗೇಣಿಯ ಹಕ್ಕು ತಂದೆಯಿಂದ ಮಗನಿಗೆ ಇಳಿಯತಕ್ಕದ್ದಾದುದರಿಂದ, ಗ್ರಾಮನ್ಯಾಯಾಲಯದ ಕಡತದಲ್ಲಿ ಇಂಥವನು ಇಂಥವನ ವಾರಸುದಾರನೆಂಬುದಕ್ಕೆ ಹೆಸರಿನ ಮುಂದುವರಿಕೆಯೇ ಒಂದು ಸಾಕ್ಷಿಯಾಯಿತು. ೧೩೭೭, ೧೩೭೯ ಮತ್ತು ೧೩೮೧ನೆಯ ಇಸವಿಗಳಲ್ಲಿ ವಿಧಿಸಿದ ತಲೆಗಂದಾಯದ ಪಟ್ಟಿಗಳು ಈ ಸಂಧಿಕಾಲದ ಒಳ್ಳೆಯ ಚಿತ್ರವನ್ನು ಕೊಡುತ್ತವೆ. ಅವುಗಳಲ್ಲಿ ಹೆಸರೂ ಸ್ಮಿತ್, ಕಸುಬೂ ಕಮ್ಮಾರಿಕೆಯಾಗಿರುವವರು ಸಿಕ್ಕುತ್ತಾರೆ. ಹೆಸರು ಒಂದು, ಕಸುಬು ಮತ್ತೊಂದು ಆಗಿರುವವರೂ ಸಿಕ್ಕುತ್ತಾರೆ. ೧೪೧೩ರಲ್ಲಿ ಹೊರಟ ಒಂದು ಶಾಸನವು, ನ್ಯಾಯಾಲಯದ ಕೆಲವು ಬಗೆಯ ಪತ್ರಗಳಲ್ಲಿ ಪ್ರತಿವಾದಿಯ ಹೆಸರಿನೊಡನೆ ಅವನ ಅಂತಸ್ತು ಅಥವಾ ಕಸುಬು ಮತ್ತು ಊರನ್ನು ಬೇರೆಯಾಗಿ ಕಾಣಿಸಬೇಕೆಂದು ಕಟ್ಟುಮಾಡಿತು. ಜಾನ್ ಸ್ಮಿತ್ ಎಂದಮಾತ್ರಕ್ಕೆ ಅವನು ಕಮ್ಮಾರನೆಂದು ನಂಬುವ ಕಾಲವು ಅಷ್ಟು ಹೊತ್ತಿಗೆ ಕಳೆಯುತ್ತ ಬಂದಿತ್ತೆಂದು ಇದರಿಂದ ಊಹಿಸಬಹುದು. ನಮ್ಮ ಶಾಸ್ತ್ರಕಾರರು ಶಬ್ದಗಳನ್ನು ಯೌಗಿಕ, ರೂಢ ಎಂದು ವಿಂಗಡಿಸುತ್ತಾರೆ. ಅವಯವಗಳ ಅರ್ಥದಿಂದಲೇ ವಸ್ತುವನ್ನು ಹೇಳುವುದು ಯೌಗಿಕ. ಅರ್ಥವನ್ನು ನೋಡದೆ ವಾಡಿಕೆಯಿಂದಲೇ ವಸ್ತುವಿನಲ್ಲಿ ನಿಂತದ್ದು ರೂಢ. ಸ್ಮಿತ್ ಎಂಬ ಹೆಸರು ಹದಿಮೂರು ಹದಿನಾಲ್ಕನೆಯ ಶತಮಾನಗಳಲ್ಲಿ ಮೊದಲನೆಯ ವರ್ಗವನ್ನು ಬಿಟ್ಟು ಎರಡನೆಯದಕ್ಕೆ ಸೇರಿತು. ೧೫೩೮ರಲ್ಲಿ ಥಾಮಸ್ ಕ್ರಾಮ್‌ವೆಲ್ಲನ ಅಪ್ಪಣೆಯಂತೆ ಪ್ರತಿಯೊಂದು ಗ್ರಾಮದ ಚರ್ಚಿನಲ್ಲಿಯೂ ನಾಮಕರಣ, ವಿವಾಹ, ಶವಸಂಸ್ಕಾರಗಳ ದಫ್ತರವನ್ನಿಡುವ ಪದ್ಧತಿಯು ಬಂದ ಮೇಲಂತೂ ಹೆಸರುಗಳು ಕದಲದಂತೆ ನೆಲೆಗೊಂಡುವು.

ಕನ್ನಡನಾಡಿನಲ್ಲಿ ಹೊಯ್ಸಳರ ಕಾಲದ ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜನು ವಿಗ್ರಹಗಳ ಕೆಳಗೆ ತನ್ನ ಹೆಸರನ್ನು ಕೆತ್ತಿದ್ದಾನೆ. ಆ ಹೆಸರಿನ ಕೊನೆಯ ಓಜ ಎಂಬುದು ಉಪಾಧ್ಯಾಯ ಶಬ್ದದ ತದ್ಭವವೆಂದು ವಿದ್ವಾಂಸರು ಹೇಳುತ್ತಾರೆ. ಅದು ಶಿಲ್ಪಿಗಳಿಗೆ ಸಲ್ಲುತ್ತಿದ್ದ ಗೌರವ. ಧಾರವಾಡ, ವಿಜಯಪುರಗಳ ಕಡೆಯಲ್ಲಿ ಕಮ್ಮಾರ, ಬಡಿಗೇರ, ಪತ್ತಾರ, ಕುಂಬಾರ ಎಂಬ ಅಡ್ಡಹೆಸರುಗಳು ಇಂದಿಗೂ ಶಾಲೆಯ ದಾಖಲೆಗಳಲ್ಲಿ ಸಾಮಾನ್ಯವಾಗಿವೆ. ಮೈಸೂರಿನ ಕಡೆಯವರು ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳಲ್ಲಿಯೇ ತೃಪ್ತರು. ಆದರೆ ಒಂದು ಭೇದವನ್ನು ಇಲ್ಲಿ ಮರೆಯಕೂಡದು. ನಮ್ಮಲ್ಲಿ ಕಸುಬಿನ ಹೆಸರು ಜಾತಿಯನ್ನೂ ಸೂಚಿಸುತ್ತದೆ. ಇಂಗ್ಲೆಂಡಿನಲ್ಲಿ ಹಾಗಿಲ್ಲ, ಕಮ್ಮಾರನ ತಮ್ಮನು ಹಿಟ್ಟಿನ ಗಿರಣಿಯನ್ನಿಟ್ಟರೆ ಅವನು ಮಿಲ್ಲರ್ ಆಗಿ, ಅಣ್ಣತಮ್ಮಂದಿರ ಸಂತತಿಗಳೇ ಬೇರೆ ಬೇರೆ ಹೆಸರುಗಳಲ್ಲಿ ಹೊರಟುಹೋಗಬಹುದಾಗಿತ್ತು.

ಈಗ ಮುಖ್ಯವಾದ ಶಂಕೆಗೆ ಬರೋಣ. ಆ ಕಾಲದ ಹಳ್ಳಿಯಲ್ಲಿ ಬೇಸಾಯಗಾರರೇ ನೂರಕ್ಕೆ ತೊಂಬತ್ತರಷ್ಟು. ಕಮ್ಮಾರನು ಹಳ್ಳಿಗೊಬ್ಬ, ಹೆಚ್ಚೆಂದರೆ ಇಬ್ಬರು. ಹೀಗಿರುವಲ್ಲಿ ಉಳುವವನ ಹೆಸರಲ್ಲವೇ ಮುಂದಾಗಬೇಕಾಗಿದ್ದುದು? ಕಮ್ಮಾರನ ಹೆಸರು ಮುಂದಾಗಲು ಕಾರಣವೇನು? ಕೆಲವರು, ಆಯುಧಗಳನ್ನು ತಯಾರಿಸುವುದಕ್ಕಾಗಿ ಕಮ್ಮಾರರು ಊರಿನಲ್ಲಿಯೇ ಉಳಿದು, ಯುದ್ಧಕ್ಕೆ ಹೋದ ಇತರರು ಸತ್ತುಹೋದುದರಿಂದ ಅವರ ವಂಶವೇ ಬೆಳೆಯಿತು ಎನ್ನುತ್ತಾರೆ. ಕಥೆ ಚೆನ್ನಾಗಿದೆ, ಆದರೆ ಅದರ ಅವಶ್ಯಕತೆಯಿಲ್ಲ. ಉತ್ತರವು ಪ್ರಶ್ನೆಯೊಳಗೇ ಇದೆ. ಗುರುತು ಎನ್ನುವುದು ಒಬ್ಬನನ್ನು ಉಳಿದವರಿಂದ ಬೇರ್ಪಡಿಸತಕ್ಕದ್ದು. ಎಲ್ಲರೂ ಉಳುವ ಊರಿನಲ್ಲಿ ಉಳುವ ಜಾನ್ ಎಂದರೆ ಯಾರನ್ನು ಕರೆದಂತಾಯಿತು? ಕಮ್ಮಾರ ಜಾನ್ ಎಂದರೆ ಕುಲುಮೆಯ ಮುಂದೆ ನಿಂತ ಒಬ್ಬನೇ ಒಬ್ಬನು ಕಣ್ಣಿಗೆ ಕಟ್ಟುವನು. ಊರಿನಲ್ಲಿ ಅವನು ಒಬ್ಬನೇ ಆದುದರಿಂದ ಹೆಸರು ಅಂಟಿತು. ಊರೂರಿಗೂ ಒಬ್ಬನು ಇದ್ದುದರಿಂದ ಹೆಸರು ದೇಶವನ್ನೆಲ್ಲ ವ್ಯಾಪಿಸಿತು. ಇಂಗ್ಲಿಷಿನಲ್ಲಿ ಫಾರ್ಮರ್ ಎಂಬ ಅಡ್ಡಹೆಸರು ಇಲ್ಲದೆ ಇಲ್ಲ. ಆದರೆ ಅದು ಹುಟ್ಟಿದಾಗ ಅದರ ಅರ್ಥವು ರೈತನೆಂದಲ್ಲ, ಕಂದಾಯದ ಗುತ್ತಿಗೆದಾರನೆಂದು. ಗುತ್ತಿಗೆದಾರನೂ ಊರಿಗೊಬ್ಬನೇ ಅಷ್ಟೆ.

ಕಮ್ಮಾರನಿಲ್ಲದ ಊರು ನಡೆಯುವಂತಿರಲಿಲ್ಲ. ನೇಗಿಲಿನ ಗುಳ, ಕುಡುಗೋಲು, ಕೊಡಲಿ, ಕುದುರೆಯ ಲಾಳ, ಬಾಗಿಲಿನ ಚಿಲಕ, ಮೊಳೆ, ಬಂಡಿಯ ಗಾಲಿಯ ಪಟ್ಟಿ ಎಲ್ಲವೂ ಅವನ ಅಡಿಗಲ್ಲಿನ ಮೇಲೆಯೇ ಹುಟ್ಟಬೇಕು. ನಗರಗಳಲ್ಲಿ ಇದೇ ಕಸುಬು ಹಲವಾಗಿ ಒಡೆಯಿತು. ಒಡೆದ ಕಸುಬುಗಳೂ ಹೆಸರುಗಳಾದುವು. ಬಾಣದ ಮೊನೆಯನ್ನು ಮಾಡುವವನು ಆರೋಸ್ಮಿತ್, ಕುದುರೆಯ ಲಾಳದವನು ಶೂಸ್ಮಿತ್, ಅಕ್ಕಸಾಲಿಯು ಗೋಲ್ಡ್‌ಸ್ಮಿತ್, ಚಾಕುಗಳನ್ನು ಮಾಡುವವನು ನೇಸ್ಮಿತ್. ಸಿಕ್ಸ್‌ಸ್ಮಿತ್ ಎಂಬ ಹೆಸರನ್ನು ಕೇಳಿದವರು ಆರು ಕಮ್ಮಾರರೇ ಎಂದು ಬೆರಗಾಗಬೇಕಾಗಿಲ್ಲ; ಅದು ಕುಡುಗೋಲು ಮಾಡುವವನ ಹೆಸರು ಸವೆದು ಆದ ರೂಪ. ಸ್ಮೈತ್ ಎಂದು ದೀರ್ಘವಾಗಿ ಉಚ್ಚರಿಸುವ ಕೆಲವು ಮನೆತನಗಳವರು ತಮ್ಮನ್ನು ಸಾಮಾನ್ಯ ಸ್ಮಿತ್ತರಿಗಿಂತ ಒಂದು ಮೆಟ್ಟಿಲು ಮೇಲೆಂದು ಭಾವಿಸುವುದುಂಟು. ಹಳೆಯ ಬರಹಗಾರರು ಒಂದೇ ಸ್ವರಕ್ಕೆ ಎರಡು ಅಕ್ಷರಗಳನ್ನು ಮನಬಂದಂತೆ ಬಳಸುತ್ತಿದ್ದುದರ ಉಳಿಕೆಯೇ ಆ ಕಾಗುಣಿತ. ದೊಡ್ಡಸ್ತಿಕೆಯು ಆಮೇಲೆ ಬಂದದ್ದು.

ಆಡಂ ಸ್ಮಿತ್ತನು ೧೭೭೬ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ ಶ್ರಮವಿಭಾಗದ ಪ್ರಯೋಜನವನ್ನು ವಿವರಿಸುವಾಗ ಕಮ್ಮಾರನನ್ನೇ ದೃಷ್ಟಾಂತವಾಗಿ ತಂದಿದ್ದಾನೆ. ಮೊಳೆ ಮಾಡುವ ಅಭ್ಯಾಸವಿಲ್ಲದ ಸಾಧಾರಣ ಕಮ್ಮಾರನು ದಿನಕ್ಕೆ ಇನ್ನೂರು ಮುನ್ನೂರು ಮೊಳೆಗಳನ್ನು ಮಾಡಿಯಾನು. ಅಭ್ಯಾಸವಿದ್ದವನು ಎಂಟುನೂರು, ಸಾವಿರ. ಮೊಳೆಯ ಹೊರತು ಬೇರೆ ಕೆಲಸವನ್ನೇ ಮಾಡದ ಇಪ್ಪತ್ತು ವರ್ಷದೊಳಗಿನ ಹುಡುಗರು ತಲೆಗೆ ೨,೩೦೦ಕ್ಕೂ ಮಿಕ್ಕಿ ಮಾಡುವುದನ್ನು ತಾನು ಕಂಡಿರುವುದಾಗಿ ಬರೆದಿದ್ದಾನೆ. ಆ ಹುಡುಗರ ಕಾಲದಿಂದಲೇ ಊರ ಕಮ್ಮಾರನ ಪ್ರಾಮುಖ್ಯವು ಕುಂದತೊಡಗಿತೆನ್ನಬೇಕು. ಹೀಗೆ ಕಮ್ಮಾರನ ಹೆಸರನ್ನು ಹೊತ್ತವನೇ ಕಮ್ಮಾರಿಕೆಯ ಸ್ಥಿತ್ಯಂತರಕ್ಕೆ ಸಾಕ್ಷಿಯಾಗಿ ನಿಂತಿದ್ದಾನೆ.

ಸ್ಮಿತ್ತರ ಹುಟ್ಟು ಇಷ್ಟರಿಂದಲೇ ಮುಗಿಯಲಿಲ್ಲ. ಇಂಗ್ಲೆಂಡಿನ ನೆರೆಯ ನಾಡುಗಳಲ್ಲಿ ಕೆಲ್ಟಿಕ್ ಭಾಷೆಗಳನ್ನಾಡುವ ಜನರಿದ್ದರು. ಅವರ ಭಾಷೆಗಳಲ್ಲಿ ಕಮ್ಮಾರನಿಗೆ ಗೋಫ್, ಗೋವ ಎಂಬ ಬೇರೆ ಶಬ್ದಗಳು. ಕಾರ್ನ್‌ವಾಲಿನಲ್ಲಿ ಆಂಗೋವ್ ಎಂಬ ಅಡ್ಡಹೆಸರಿದೆ; ಕಮ್ಮಾರನೆಂದೇ ಅದರ ಅರ್ಥ. ೧೪೯೭ರಲ್ಲಿ ಸ್ಕಾಟ್ಲೆಂಡಿನ ಮೇಲಣ ಯುದ್ಧಕ್ಕಾಗಿ ಏಳನೆಯ ಹೆನ್ರಿಯು ಹೇರಿದ ತೆರಿಗೆಯನ್ನು ಸಹಿಸದೆ ಕಾರ್ನ್‌ವಾಲಿನ ಜನರು ದಂಗೆಯೆದ್ದು ಲಂಡನ್ನಿನವರೆಗೂ ನಡೆದುಹೋದರು. ಅವರ ಮುಂದಾಳುಗಳಲ್ಲಿ ಒಬ್ಬನಾಗಿ ನಿಂತು, ಸೋತು, ಮರಣದಂಡನೆಗೆ ಗುರಿಯಾದ ಮೈಕೇಲನು ಸೇಂಟ್ ಕೆವರ್ನ್ ಎಂಬ ಹಳ್ಳಿಯ ಕಮ್ಮಾರ. ಜನರು ಅವನನ್ನು ಮೈಕೇಲ್ ಆನ್ ಗೋಫ್ ಎಂದೇ ನೆನೆಯುತ್ತಾರೆ. ಇಂಗ್ಲಿಷ್ ಆಡುವವರು ಅವನ ಗುರುತನ್ನು ಸ್ಮಿತ್ ಎಂದೇ ಮಾರ್ಪಡಿಸಿ ಬರೆಯಬಹುದಾಗಿತ್ತು.

ಐರ್ಲೆಂಡಿನಲ್ಲಿ ಈ ಮಾರ್ಪಾಡು ದೊಡ್ಡ ಪ್ರಮಾಣದಲ್ಲಿಯೇ ನಡೆಯಿತು. ೧೪೬೫ರಲ್ಲಿ ಅಲ್ಲಿನ ಪಾರ್ಲಿಮೆಂಟಿನ ಶಾಸನವೊಂದು, ಆಂಗ್ಲೇಯರ ಅಧಿಕಾರವಿದ್ದ ನಾಲ್ಕು ಜಿಲ್ಲೆಗಳ ಐರಿಷ್ ಜನರು ಆಂಗ್ಲ ಅಡ್ಡಹೆಸರುಗಳನ್ನು ಧರಿಸಬೇಕೆಂದು ವಿಧಿಸಿತು. ಊರಿನ ಹೆಸರಾಗಲಿ, ಬಣ್ಣದ ಹೆಸರಾಗಲಿ, ಕಸುಬಿನ ಹೆಸರಾಗಲಿ ಆಗಬಹುದೆಂದು ಹೇಳಿ, ಕಸುಬಿಗೆ ಉದಾಹರಣೆಯಾಗಿ ಸ್ಮಿತ್ ಎಂಬುದನ್ನೇ ಶಾಸನವು ಎತ್ತಿಕೊಟ್ಟಿದೆ. ಕಾವನ್ ಜಿಲ್ಲೆಯಲ್ಲಿ ಹರಡಿದ್ದ ಮಕ್ ಗವನ್, ಅಂದರೆ ಕಮ್ಮಾರನ ಮಗ, ಎಂಬ ಮನೆತನದವರಲ್ಲಿ ಬಹುಮಂದಿ ಮುಂದಿನ ಶತಮಾನಗಳಲ್ಲಿ ತಮ್ಮ ಹೆಸರನ್ನು ಭಾಷಾಂತರಿಸಿಕೊಂಡು ಸ್ಮಿತ್ತರಾದರು. ಮೇಥೆಸನ್ ಎಂಬ ಅಧಿಕಾರಿಯು ೧೮೯೦ನೆಯ ಇಸವಿಯ ಜನನಗಳನ್ನು ಲೆಕ್ಕಹಾಕಿದಾಗ, ಮರ್ಫಿ, ಕೆಲ್ಲಿ, ಸುಲಿವನ್, ವಾಲ್ಷ್ ಎಂಬುವುಗಳ ಬೆನ್ನಿಗೆ ಐರ್ಲೆಂಡಿನ ಐದನೆಯ ಹೆಸರಾಗಿ ಸ್ಮಿತ್ ನಿಂತಿತು. ಆ ಹೆಸರಿನವರು ಸುಮಾರು ೩೩,೭೦೦ ಮಂದಿಯೆಂದು ಅವನ ಅಂದಾಜು. ಅವರಲ್ಲಿ ಎಷ್ಟೋ ಜನರ ರಕ್ತದಲ್ಲಿ ಆಂಗ್ಲತ್ವವು ಲವಲೇಶವೂ ಇರಲಿಲ್ಲ.

ಮತ್ತೊಂದು ಕವಲು ನಮಗೆ ಇನ್ನೂ ಹತ್ತಿರದ್ದು. ಭಾರತದಿಂದ ನೂರಾರು ವರ್ಷಗಳ ಹಿಂದೆ ಹೊರಟು ಯೂರೋಪಿನಲ್ಲೆಲ್ಲ ಅಲೆದ ರೋಮಾ ಎಂಬ ಅಲೆಮಾರಿ ಜನರು ಒಂದು ಎರಡು ಮೂರನ್ನು ಏಕ್, ದುಯ್, ತ್ರಿನ್ ಎಂದು ಎಣಿಸುತ್ತಾರೆ. ಅವರ ಭಾಷೆಯಲ್ಲಿ ಹೆಸರಿಗೆ ನವ್ ಎನ್ನುವರು, ನಮ್ಮ ನಾಮವೇ ಅದು. ಇವರಲ್ಲಿ ಲಾಳ ಕಟ್ಟುವ ಕಸುಬಿನ ಗುಂಪಿನವರು ತಮ್ಮೊಳಗೆ ಪೆಟುಲೆಂಗ್ರೊ ಎಂದು ಕರೆದುಕೊಂಡು, ಹೊರಗಿನವರ ಮುಂದೆ ಅದನ್ನು ಸ್ಮಿತ್ ಎಂದು ಹೇಳಿಕೊಂಡರು. ಜಾರ್ಜ್ ಬಾರೋ ಎಂಬ ಗ್ರಂಥಕರ್ತನು ೧೮೫೧ರಲ್ಲಿ ಹೊರತಂದ ಲಾವೆಂಗ್ರೊ ಎಂಬ ಪುಸ್ತಕದ ಜಾಸ್ಪರ್ ಪೆಟುಲೆಂಗ್ರೊ ಎಂಬ ಪಾತ್ರಕ್ಕೆ ಮೂಲನಾದವನು ಆಂಬ್ರೋಸ್ ಸ್ಮಿತ್ ಎಂಬ ನಿಜಪುರುಷ.

ಇನ್ನು ಸಂಖ್ಯೆಯ ಮಾತು. ಇಂಗ್ಲೆಂಡಿನಲ್ಲಿ ೧೮೩೭ರಿಂದ ಜನನ ಮರಣ ವಿವಾಹಗಳನ್ನು ಸರಕಾರವೇ ದಾಖಲೆ ಮಾಡುತ್ತ ಬಂದಿತು. ಆ ಇಲಾಖೆಯವರು ೧೮೫೩ನೆಯ ವರ್ಷದ ವರದಿಯಲ್ಲಿ ಅಡ್ಡಹೆಸರುಗಳ ಒಂದು ಗಣನೆಯನ್ನು ಪ್ರಕಟಿಸಿದರು. ಇಂಗ್ಲೆಂಡ್ ಮತ್ತು ವೇಲ್ಸ್ ದೇಶಗಳಲ್ಲಿ ಸ್ಮಿತ್ತರು ೨,೫೩,೬೦೦, ಜೋನ್ಸರು ೨,೪೨,೧೦೦. ಎಪ್ಪತ್ತಮೂರು ಜನರಲ್ಲಿ ಒಬ್ಬನು ಸ್ಮಿತ್, ಎಪ್ಪತ್ತಾರು ಜನರಲ್ಲಿ ಒಬ್ಬನು ಜೋನ್ಸ್ ಎಂದಾಯಿತು. ಜೋನ್ಸ್ ಎಂದರೆ ಜಾನನ ಮಗ. ಅದರ ತವರು ವೇಲ್ಸ್. ಅಲ್ಲಿ ತಂದೆಯ ಹೆಸರೇ ಅಡ್ಡಹೆಸರಾದುದರಿಂದ ಕಸುಬಿನ ಹೆಸರುಗಳಿಗೆ ಎಡೆಯೇ ದೊರೆಯಲಿಲ್ಲ. ಸ್ಮಿತ್ತರು ಇಂಗ್ಲೆಂಡಿನ ನಡುನಾಡಿನಲ್ಲಿಯೂ ಪೂರ್ವದಲ್ಲಿಯೂ ಒತ್ತಾಗಿದ್ದು, ವೇಲ್ಸಿನಲ್ಲಿಯೂ ಕಾರ್ನ್‌ವಾಲಿನಲ್ಲಿಯೂ ವಿರಳರಾಗಿದ್ದರು. ೧೮೮೧ರ ಜನಗಣತಿಯ ಹೊತ್ತಿಗೆ ಬ್ರಿಟನ್ನಿನ ಸ್ಮಿತ್ತರು ನಾಲ್ಕು ಲಕ್ಷವನ್ನು ಮೀರಿದ್ದರು.

ಈ ನೀರಸವಾದ ಅಂಕಿಗಳನ್ನು ಒಂದು ಗೃಹಕೃತ್ಯದ ಪ್ರಶ್ನೆಗೆ ಉಪಯೋಗಿಸಿದವನು ಜಾರ್ಜ್ ಡಾರ್ವಿನ್. ವಿಕಾಸವಾದದಿಂದ ಪ್ರಸಿದ್ಧನಾದ ಚಾರ್ಲ್ಸ್ ಡಾರ್ವಿನ್ನನ ಮಗನೀತ. ಇವನ ತಂದೆತಾಯಿಗಳು ಸೋದರಸಂಬಂಧಿಗಳು. ಚಾರ್ಲ್ಸನ ತಾಯಿಯೂ ಅವನ ಹೆಂಡತಿಯ ತಂದೆಯೂ ಒಡಹುಟ್ಟಿದವರು. ಇಂತಹ ವಿವಾಹಗಳಿಂದ ಸಂತಾನಕ್ಕೆ ಕೇಡುಂಟೋ ಎಂಬ ಚಿಂತೆ ಆ ಮನೆಯಲ್ಲಿಯೇ ಇತ್ತು. ಸೋದರಮಾವನ ಮಗಳನ್ನು ತರುವ ವಾಡಿಕೆಯುಳ್ಳ ನಮ್ಮ ಮನೆಗಳಲ್ಲಿಯೂ ಈ ಚಿಂತೆಯು ಹೊಸದಲ್ಲ. ದೇಶದಲ್ಲಿ ಇಂತಹ ವಿವಾಹಗಳು ಎಷ್ಟು ನಡೆಯುತ್ತವೆಂದು ತಿಳಿಯುವುದು ಹೇಗೆ? ವಧೂವರರ ಅಡ್ಡಹೆಸರು ಒಂದೇ ಆಗಿರುವ ವಿವಾಹಗಳನ್ನು ಎಣಿಸಬಹುದು. ಆದರೆ ಒಬ್ಬ ಸ್ಮಿತ್ ಮತ್ತೊಬ್ಬಳು ಸ್ಮಿತ್ತಳನ್ನು ಮದುವೆಯಾಗುವುದು ಬರಿಯ ಆಕಸ್ಮಿಕವೂ ಆಗಬಹುದಲ್ಲ. ಆದುದರಿಂದ ಜಾರ್ಜನು ೧೮೫೩ರ ವರದಿಯ ಐವತ್ತು ಹೆಸರುಗಳನ್ನು ಹಿಡಿದು ಗಣಿತ ಮಾಡಿದನು. ಆಕಸ್ಮಿಕವಾಗಿ ಒಂದೇ ಹೆಸರಿನವರು ಕೂಡುವುದು ಸಾವಿರ ಮದುವೆಗಳಲ್ಲಿ ಒಂದಕ್ಕಿಂತ ಹೆಚ್ಚಲ್ಲವೆಂದು ತೇಲಿತು. ವೃತ್ತಪತ್ರಿಕೆಗಳಲ್ಲಿ ಪ್ರಕಟವಾದ ವಿವಾಹಗಳನ್ನು ಎಣಿಸಿದರೆ, ಒಂದೇ ಹೆಸರಿನವರ ವಿವಾಹಗಳು ನೂರಕ್ಕೆ ಒಂದನ್ನು ಮೀರಿದ್ದುವು. ಮಿಕ್ಕವು ಬಂಧುಗಳೊಳಗಣ ವಿವಾಹಗಳೆಂದು ತರ್ಕಿಸಿ ೧೮೭೫ರಲ್ಲಿ ತನ್ನ ಲೇಖನವನ್ನು ಪ್ರಕಟಿಸಿದನು. ಜನಸಂಖ್ಯಾಶಾಸ್ತ್ರದಲ್ಲಿ ಈ ವಿಧಾನಕ್ಕೆ ಇಂದಿಗೂ ಬೆಲೆಯಿದೆ.

ಮೊದಲಲ್ಲಿ ಎತ್ತಿದ ಕುಲದ ಪ್ರಶ್ನೆಗೆ ಈ ಶತಮಾನದಲ್ಲಿ ನೇರವಾದ ಪರೀಕ್ಷೆಯೂ ನಡೆದಿದೆ. ಗಂಡಸಿನ ದೇಹದ ಕಣಗಳಲ್ಲಿ ಇರುವ ವೈ ಎಂಬ ವರ್ಣತಂತುವು ತಂದೆಯಿಂದ ಮಗನಿಗೆ, ಅವನಿಂದ ಅವನ ಮಗನಿಗೆ ಇಳಿಯುತ್ತದೆ. ನಮ್ಮ ಗೋತ್ರವೂ ಆಂಗ್ಲೇಯರ ಅಡ್ಡಹೆಸರೂ ಇಳಿಯುವ ದಾರಿಯೇ ಅದರ ದಾರಿ. ಲೆಸ್ಟರ್ ವಿಶ್ವವಿದ್ಯಾನಿಲಯದ ಟೂರಿ ಕಿಂಗ್ ಎಂಬ ವಿದುಷಿಯೂ ಮಾರ್ಕ್ ಜಾಬ್ಲಿಂಗ್ ಎಂಬ ವಿದ್ವಾಂಸರೂ ನಲವತ್ತು ಅಡ್ಡಹೆಸರುಗಳ ಸಾವಿರದ ಆರುನೂರಕ್ಕೂ ಹೆಚ್ಚು ಗಂಡಸರನ್ನು ಹೀಗೆ ಪರೀಕ್ಷಿಸಿ ೨೦೦೯ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅಟನ್‌ಬರೊ ಎಂಬಂತಹ ವಿರಳವಾದ ಹೆಸರಿನವರಲ್ಲಿ ಬಹುಪಾಲು ಜನರು ಒಬ್ಬನೇ ಮೂಲಪುರುಷನ ಸಂತತಿಯೆಂದು ತೋರಿಬಂದಿತು. ಸ್ಮಿತ್ತರಲ್ಲಿ ಮಾತ್ರ, ದಾರಿಯಲ್ಲಿ ಹೋಗುವ ಇಬ್ಬರು ಅಪರಿಚಿತರೊಳಗೆ ಇರಬಹುದಾದ ನಂಟಿಗಿಂತ ಹೆಚ್ಚಿನ ನಂಟು ಕಾಣಲಿಲ್ಲ. ಊರೂರಿನ ಕುಲುಮೆಯೂ ಬೇರೆ ಬೇರೆ ಮೂಲವಾಗಿರುವಾಗ ಹಾಗಲ್ಲದೆ ಮತ್ತೆ ಹೇಗಾದೀತು!

ಸಮುದ್ರದಾಚೆಗೆ ಹೋದ ಮೇಲೆ ಈ ಹೆಸರು ಇನ್ನೂ ಬೇರೆ ಬೇರೆ ನೀರುಗಳನ್ನು ತನ್ನೊಳಕ್ಕೆ ಸೇರಿಸಿಕೊಂಡಿತು. ಅಮೇರಿಕದ ಸಂಯುಕ್ತ ಸಂಸ್ಥಾನಗಳ ೨೦೧೦ನೆಯ ಜನಗಣತಿಯಲ್ಲಿ ಸ್ಮಿತ್ತರು ೨೪,೪೨,೯೭೭ ಮಂದಿ. ಎರಡನೆಯ ಸ್ಥಾನದ ಜಾನ್ಸನ್ ಎಂಬ ಹೆಸರಿನವರು ಇವರಿಗಿಂತ ಐದು ಲಕ್ಷ ಕಡಮೆ. ಜರ್ಮನಿಯಿಂದ ಬಂದ ಶ್ಮಿಟ್ಟರು ಅನೇಕರು ತಮ್ಮ ಹೆಸರಿನ ಕಾಗುಣಿತವನ್ನು ತಿದ್ದಿಕೊಂಡು ಈ ಗುಂಪಿ‌ಗೆ ಸೇರಿದರು. ೧೯೧೭ರಲ್ಲಿ ಅಮೇರಿಕವು ಜರ್ಮನಿಯ ಮೇಲೆ ಯುದ್ಧಕ್ಕಿಳಿದಾಗ ಜರ್ಮನ್ ಹೆಸರು ಇರುವುದೇ ಅನುಮಾನಕ್ಕೆ ಎಡೆಯಾಗಿತ್ತಷ್ಟೆ.

ಆದರೆ ಆ ಇಪ್ಪತ್ತನಾಲ್ಕು ಲಕ್ಷದಲ್ಲಿ ನೂರಕ್ಕೆ ಇಪ್ಪತ್ತಮೂರು ಮಂದಿ, ಎಂದರೆ ಐದೂವರೆ ಲಕ್ಷಕ್ಕೂ ಮೇಲ್ಪಟ್ಟವರು, ಆಫ್ರಿಕಮೂಲದ ಕರಿಯ ಜನರು. ಇಡೀ ದೇಶದಲ್ಲಿ ಅವರ ಪ್ರಮಾಣವು ನೂರಕ್ಕೆ ಹದಿಮೂರರಷ್ಟೇ ಎಂಬುದನ್ನು ನೆನೆದರೆ ಈ ಅಂಕಿಯ ಮುಂದೆ ನಾವು ಕೊಂಚ ನಿಲ್ಲಬೇಕಾಗುತ್ತದೆ. ೧೮೫೦ ಮತ್ತು ೧೮೬೦ನೆಯ ಇಸವಿಗಳ ಜನಗಣತಿಗಳಲ್ಲಿ ಗುಲಾಮರಿಗೆ ಬೇರೆಯ ಪಟ್ಟಿ. ಅಲ್ಲಿ ಒಡೆಯನ ಹೆಸರನ್ನು ಪೂರ್ತಿಯಾಗಿ ಬರೆದು, ಅದರ ಕೆಳಗೆ ಗುಲಾಮರ ವಯಸ್ಸು, ಲಿಂಗ, ಮೈಬಣ್ಣ ಇಷ್ಟನ್ನೇ ನಮೂದಿಸಿದ್ದಾರೆ. ಹೆಸರು ಸಾಮಾನ್ಯವಾಗಿ ಇಲ್ಲವೇ ಇಲ್ಲ. ಮುವತ್ತು ವರ್ಷದ ಗಂಡಸು, ಎಂಟು ವರ್ಷದ ಹೆಣ್ಣು ಎಂದು ಸಾಲುಸಾಲಾಗಿ ದನಕರುಗಳ ಲೆಕ್ಕದಂತೆ ಇದೆ. ೧೮೬೫ರಲ್ಲಿ ಗುಲಾಮಗಿರಿಯು ರದ್ದಾಯಿತು. ೧೮೭೦ರ ಜನಗಣತಿಯಲ್ಲಿ ಆ ನಲವತ್ತು ಲಕ್ಷದಷ್ಟು ಜನರು ಮೊದಲ ಬಾರಿಗೆ ಹೆಸರು ಅಡ್ಡಹೆಸರುಗಳೊಡನೆ ಕಾಣಿಸಿಕೊಂಡರು. ಕೆಲವರು ಕಡೆಯ ಒಡೆಯನ ಹೆಸರನ್ನು ಇಟ್ಟುಕೊಂಡರು. ಮತ್ತೆ ಕೆಲವರು, ಎಂದೋ ಮಾರಾಟದಲ್ಲಿ ಅಗಲಿದ ತಂದೆಯೋ ತಾಯಿಯೋ ತಮ್ಮನ್ನು ಹುಡುಕಿಕೊಂಡು ಬಂದರೆ ಗುರುತು ಸಿಕ್ಕಲೆಂದು ಹಿಂದಿನ ಒಡೆಯನ ಹೆಸರನ್ನೇ ಉಳಿಸಿಕೊಂಡರು. ಒಡೆಯರಿಗೆ ತಿಳಿಯದಂತೆ ತಲೆಮಾರುಗಳಿಂದ ತಮ್ಮೊಳಗೆ ಬಳಸುತ್ತಿದ್ದ ಅಡ್ಡಹೆಸರನ್ನು ಆಗ ಬಹಿರಂಗವಾಗಿ ಹೇಳಿಕೊಂಡವರೂ ಉಂಟು. ಗುಲಾಮರಲ್ಲಿ ನುರಿತ ಕಮ್ಮಾರರೂ ಇದ್ದರಾದುದರಿಂದ ಕುಲುಮೆಯಿಂದಲೇ ಸ್ಮಿತ್ತರಾದವರೂ ಇರಬಹುದು. ಇಂದಿನ ಒಬ್ಬ ಸ್ಮಿತ್ತನ ಹೆಸರು ಇವುಗಳಲ್ಲಿ ಯಾವ ದಾರಿಯಿಂದ ಬಂದಿತೆಂಬುದನ್ನು ಹೆಸರೇ ಹೇಳಲಾರದು.

ಬೇರೆಯ ಹೆಸರಾದರೂ ಒಂದು ಪ್ರಸಂಗವನ್ನು ಇಲ್ಲಿ ಹೇಳದೆ ಇರಲಾರೆ. ಗುಲಾಮನಾಗಿ ಹುಟ್ಟಿ, ಮುಂದೆ ದೊಡ್ಡ ವಿದ್ಯಾಸಂಸ್ಥೆಯನ್ನು ಕಟ್ಟಿದ ಬುಕರ್ ವಾಷಿಂಗ್ಟನ್ನನು ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾನೆ. ಬಿಡುಗಡೆಯಾದ ಮೇಲೆ ಬಾಲಕನು ಮೊದಲ ಸಲ ಶಾಲೆಗೆ ಹೋದನು. ಹಾಜರಿ ಕೂಗುವಾಗ ಉಳಿದ ಮಕ್ಕಳಿಗೆಲ್ಲ ಎರಡೆರಡು ಹೆಸರುಗಳಿರುವುದನ್ನು ಕೇಳಿ ಅವನಿಗೆ ದಿಗಿಲಾಯಿತು. ಅವನಿಗಿದ್ದುದು ಬುಕರ್ ಎಂಬ ಒಂದೇ ಹೆಸರು. ತನ್ನ ಸರದಿ ಬರುವುದರೊಳಗೆ ಹುಡುಗನು ಯೋಚಿಸಿಕೊಂಡು, ಉಪಾಧ್ಯಾಯರು ಪೂರ್ತಿ ಹೆಸರನ್ನು ಕೇಳಿದಾಗ, ಹುಟ್ಟಿದಂದಿನಿಂದ ಅದೇ ಹೆಸರೆಂಬಂತೆ ಶಾಂತವಾಗಿ ಬುಕರ್ ವಾಷಿಂಗ್ಟನ್ ಎಂದು ಹೇಳಿಬಿಟ್ಟನು. ಮುವತ್ತಕ್ಕೂ ಹೆಚ್ಚು ವರ್ಷ ಹಾಜರಿಪುಸ್ತಕವನ್ನು ಹಿಡಿದ ನನಗೆ, ಆ ಅಪರಿಚಿತ ಉಪಾಧ್ಯಾಯರು ಏನೂ ಪ್ರತಿಪ್ರಶ್ನೆ ಮಾಡದೆ ಅದನ್ನು ಬರೆದುಕೊಂಡುದು ದೊಡ್ಡ ಉಪಕಾರವೆಂದೇ ತೋರುತ್ತದೆ.

ಸ್ಮಿತ್ತರ ವಿಷಯದಲ್ಲಿ ಹೇಳಬೇಕಾದ ಇನ್ನೊಂದು ಸಂಗತಿಯು ಉಳಿದಿದೆ. ಗುರುತಿಗಾಗಿ ಹುಟ್ಟಿದ ಹೆಸರು ಇಷ್ಟು ಜನರಿಗೆ ಆದ ಬಳಿಕ ಅದರಿಂದ ಗುರುತೇ ಸಿಕ್ಕದಂತಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅನುಕೂಲಸ್ಥರು ತಾಯಿಯ ಕಡೆಯ ಹೆಸರನ್ನೋ ಅಜ್ಜಿಯ ಕಡೆಯ ಹೆಸರನ್ನೋ ಮುಂದಕ್ಕೆ ಜೋಡಿಸಿ ಜೋಡಿಹೆಸರುಗಳನ್ನು ಮಾಡಿಕೊಂಡರು. ಬಡವರು ಹಳೆಯ ಉಪಾಯಕ್ಕೇ ಮರಳಿದರು. ಸ್ಕಾಟ್ಲೆಂಡಿನ ಈಶಾನ್ಯ ತೀರದಲ್ಲಿ ಬಕಿ ಎಂಬ ಬಂದರಿನ ಸುತ್ತಮುತ್ತ ಮೀನುಗಾರರ ಹಳ್ಳಿಗಳಿವೆ. ಅಲ್ಲಿ ಊರಿಗೆ ಊರೇ ಎರಡು ಮೂರು ಅಡ್ಡಹೆಸರುಗಳಲ್ಲಿ ಮುಗಿದುಹೋಗುತ್ತಿತ್ತು, ಸ್ಮಿತ್ ಅವುಗಳಲ್ಲೊಂದು. ಹೆಸರೂ ಜಾನ್, ಅಡ್ಡಹೆಸರೂ ಸ್ಮಿತ್ ಆಗಿ ಹಲವರು ಒಂದೇ ಬೀದಿಯಲ್ಲಿ ಇರುವಾಗ, ಅಂಚೆಯವನು ಕಾಗದವನ್ನು ಯಾರ ಮನೆಗೆ ಕೊಡಬೇಕು, ಅಂಗಡಿಯವನು ಸಾಲವನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ಅಲ್ಲಿನ ಜನರು ಪ್ರತಿಯೊಂದು ಮನೆಗೂ ಟೀ-ನೇಮ್ ಎಂಬ ಮತ್ತೊಂದು ಗುರುತನ್ನು ಕಟ್ಟಿದರು: ದೋಣಿಯ ಹೆಸರೋ, ನಡಿಗೆಯ ರೀತಿಯೋ, ಅಜ್ಜನ ಯಾವುದೋ ಚಾಳಿಯೋ. ಅದು ತಂದೆಯಿಂದ ಮಗನಿಗೆ ಇಳಿಯಿತು. ಸರಕಾರದ ಗುಮಾಸ್ತರೂ ಮತದಾರರ ಪಟ್ಟಿಯಲ್ಲಿ ಜಾನ್ ಸ್ಮಿತ್ ಎಂಬುದರ ಮುಂದೆ ಅದನ್ನು ಸೇರಿಸಿ ಬರೆದುಕೊಂಡರು.